ಯೆಜ್ಡಿ ರೋಡ್‌ಕಿಂಗ್: ಕೊಳ್ಳುವ ಮೊದಲು ಇಂಜಿನ್ ಅರ್ಥ ಮಾಡಿಕೊಳ್ಳಿ

ಟೂ ಸ್ಟ್ರೋಕ್ ಬೈಕು, ವಾಲ್ವ್ ಇಲ್ಲ, ಅದನ್ನು ತೆರೆಯುವ ಕ್ಯಾಮ್ ಇಲ್ಲ, ಕೆಡೋಕೆ ಏನಿದೆ ಅಂದುಕೊಂಡು ಹಳೆ ಯೆಜ್ಡಿ ರೋಡ್‌ಕಿಂಗ್ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಇದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ನನ್ನದು ಅದರ ಕೊನೆಯ ವರ್ಷಗಳ ಗಾಡಿ, ಈಗಲೂ ಓಡಿಸುತ್ತಿದ್ದೇನೆ.

ಭಾಗಗಳು ಕಡಿಮೆ, ನಿಜ. ಆದರೆ ಒಂದೊಂದಕ್ಕೂ ಎರಡು ಮೂರು ಕೆಲಸ. ಕಿಕ್ಕರ್ರೇ ಗೇರ್ ಲಿವರ್. ಪಿಸ್ಟನ್ನೇ ವಾಲ್ವ್: ಸಿಲಿಂಡರ್ ಬ್ಲಾಕಿನ ಗೋಡೆಯ ಕಿಂಡಿಗಳನ್ನು ತೆರೆಯುವುದೂ ಮುಚ್ಚುವುದೂ ಅದೇ. ಪಿಸ್ಟನ್ ಮೇಲೇರಿದಾಗ ಪೆಟ್ರೋಲು-ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿಗೆ, ಅಂದರೆ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಗೆ, ಬರುತ್ತದೆ, ಇಳಿದಾಗ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ನುಗ್ಗುತ್ತದೆ. ಹಾಗಾಗಿ ಕ್ರ್ಯಾಂಕ್‌ಕೇಸ್ ಎಂಬುದು ಇಲ್ಲಿ ಪಂಪು. ಅದರಲ್ಲಿ ಎಲ್ಲೂ ಗಾಳಿ ಸೋರಬಾರದು.

ಸೋರಿಕೆ ತಡೆಯುವುದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು. ಕ್ಲಚ್ ಕಡೆಯದು ಸವೆದರೆ ಇಂಜಿನ್ ಆ ಕಡೆಯ ಆಯಿಲ್ಲನ್ನೇ ಹೀರಿ ಸುಡುತ್ತದೆ, ದಟ್ಟ ಹೊಗೆ ಬರುತ್ತದೆ. ಡೈನಮೋ ಕಡೆಯದು ಹೋದರೆ ಹೊಗೆ ಕಾಣುವುದಿಲ್ಲ. ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ವಿಪರೀತ ಬಿಸಿಯಾಗುತ್ತದೆ, ಕೊನೆಗೆ ಪಿಸ್ಟನ್ ಸೀಸ್, ಅಂದರೆ ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಥ್ರಾಟಲ್ ಬಿಟ್ಟರೂ ಇಂಜಿನ್ನಿನ ಓಟ ತಕ್ಷಣ ಇಳಿಯದಿದ್ದರೆ ಕಾರ್ಬುರೇಟರ್ ಸ್ಕ್ರೂ ತಿರುಗಿಸುತ್ತಾ ಕೂರಬೇಡಿ, ಮೊದಲು ಆ ಸೀಲನ್ನು ಅನುಮಾನಿಸಿ. ಬೆಲೆ ಪಿಸ್ಟನ್ನಿಗೆ ಹೋಲಿಸಿದರೆ ಏನೂ ಅಲ್ಲ.

ಪೆಟ್ರೋಲಿಗೆ ನಾನು ಲೀಟರಿಗೆ 40 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸುತ್ತೇನೆ. ಪಿಸ್ಟನ್ನಿಗೂ ಕ್ರ್ಯಾಂಕಿನ ಕೆಳಗಿನ ಬೇರಿಂಗಿಗೂ ಸಿಗುವ ಜಿಡ್ಡು ಅದೊಂದೇ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಂದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲಿನ ಜೊತೆ ಬರಬೇಕಾದ ಆಯಿಲ್ ಮಾತ್ರ ಬರುವುದಿಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಥ್ರಾಟಲ್ ಕೊಡಿ. ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ.

ಸದ್ದಿಗೋಸ್ಕರ ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತುಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಇಂಜಿನ್ನಿನದೇ ಅಂಗ; ಅದರೊಳಗಿನ ಒತ್ತಡ ಬದಲಾದರೆ ಕಡಿಮೆ ವೇಗದ ಎಳೆತ ಹೋಗುತ್ತದೆ. ಕಾರ್ಬನ್ ಕಟ್ಟಿದರೆ ಬಿಚ್ಚಿ ಸ್ವಚ್ಛ ಮಾಡಿಸಿ, ಅಷ್ಟು ಸಾಕು.

ಮೈಲೇಜ್ 25ರಿಂದ 30, ಬ್ರೇಕ್ ಸಾಧಾರಣ. ದಿನಾ ಆಫೀಸಿಗೆ ಬೇಕೆಂದರೆ ಬೇರೆ ಗಾಡಿ ನೋಡಿ. ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ಸರಿಯಿದೆಯೇ ಅಂತ ತಿಳಿಯುವ, ಇಂಜಿನ್ ಸದ್ದಿಗೆ ಕಿವಿಗೊಡುವ ತಾಳ್ಮೆ ಇದ್ದರೆ ಖಂಡಿತ ತಗೊಳ್ಳಿ. ಸೀಲ್ ಯಾವಾಗ ಬದಲಾಯಿಸಿದ್ದು ಅಂತ ಮಾರುವವರನ್ನು ಕೇಳಿ. ಉತ್ತರ ಬರದಿದ್ದರೆ ಆ ಖರ್ಚು ಕಳೆದೇ ಬೆಲೆ ಮಾತಾಡಿ.