ಪೆಟ್ರೋಲ್, ಸೀಮೆಎಣ್ಣೆ, ಗ್ಯಾಸ್: ಮಳೆಗಾಲದ ಜನರೇಟರ್‌ಗೆ ಯಾವುದು ವಾಸಿ?

ಮೂಡಿಗೆರೆ ಕಡೆ ಜೂನ್ ಬಂತೆಂದರೆ ಕರೆಂಟನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು. ಅದಕ್ಕೇ ಇಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಣ್ಣ ಜನರೇಟರ್ ಇಟ್ಟುಕೊಂಡಿರುತ್ತಾರೆ. ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಕೆವಿಎ, ಎಷ್ಟು ರೇಟು ಅಂತ. ಯಾವುದರಲ್ಲಿ ಓಡುತ್ತದೆ, ಓಡದೆ ನಿಂತಾಗ ಅದರ ಹೊಟ್ಟೆಯಲ್ಲಿ ಏನು ಉಳಿಯುತ್ತದೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ನಾನು ಮೂರು ಬಗೆಯನ್ನೂ ಓಡಿಸಿ ನೋಡಿದ್ದೇನೆ. ನಮ್ಮ ಮನೆಯಲ್ಲಿರುವುದು 2 ಕೆವಿಎ ಪೆಟ್ರೋಲ್ ಮಿಷನ್. ಮಾವನ ಮನೆಯಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಾಯಿಸುವ ಹಳೇದೊಂದಿದೆ. ತಮ್ಮನ ಹೋಂಸ್ಟೇನಲ್ಲಿ ಪೆಟ್ರೋಲ್ ಜನರೇಟರ್‌ಗೇ ಗ್ಯಾಸ್ ಕಿಟ್ ಹಾಕಿಸಿದ್ದಾರೆ. ಮೂರರ ಮೇಲೂ ಬೀಳುವ ಲೋಡ್ ಹೆಚ್ಚುಕಡಿಮೆ ಒಂದೇ: ಫ್ರಿಜ್ಜು, ಲೈಟು, ವೈಫೈ, ಮಿಕ್ಸಿ. ಡೀಸೆಲ್ ಜನರೇಟರ್ ಬೇರೆ ವಿಷಯ. ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ರೇ ಅದಕ್ಕೆ ಇಲ್ಲ, ಮತ್ತೆ ಅದನ್ನು ಒಬ್ಬರೇ ಎತ್ತಿ ಜಗಲಿಯಿಂದ ಕೊಟ್ಟಿಗೆಗೆ ಇಡೋಕಾಗಲ್ಲ.

ಸೀಮೆಎಣ್ಣೆಯದ್ದು ಮೊದಲು ಮುಗಿಸಿಬಿಡುತ್ತೇನೆ. ಅದರ ಪರವಾಗಿ ಹೇಳಬೇಕಾದ ಮಾತು ಒಂದಿದೆ. ಈಗ ಪೆಟ್ರೋಲಿಗೆ ಬೆರೆಸುವ ಎಥನಾಲ್ ಅನ್ನುವ ಆಲ್ಕೊಹಾಲ್ ಅದರಲ್ಲಿ ಇಲ್ಲ, ಪೆಟ್ರೋಲಿನಷ್ಟು ಬೇಗ ಆರಿಹೋಗಿ ಅಂಟಾಗುವುದೂ ಇಲ್ಲ. ಆದರೆ ತಣ್ಣಗಿರುವ ಎಂಜಿನ್ನಿನಲ್ಲಿ ಅದು ಸರಿಯಾಗಿ ಆವಿಯಾಗುವುದಿಲ್ಲ. ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ, ಬಿಸಿಯಾದ ಮೇಲೆ ಎಣ್ಣೆ ಬಿಡುವ ನಲ್ಲಿಯನ್ನು, ಅಂದರೆ ಕಾಕನ್ನು, ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರಬೇಕು. ಅದನ್ನು ಬಿಟ್ಟರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದು, ಮರುದಿನ ಬೆಳಿಗ್ಗೆ ಎಷ್ಟು ಹಗ್ಗ ಎಳೆದರೂ ಉಸಿರೆತ್ತುವುದಿಲ್ಲ. ಸ್ಪಾರ್ಕ್ ಪ್ಲಗ್ ಬೇಗ ಕಪ್ಪು ಕಟ್ಟುತ್ತದೆ. ಉರಿಯದ ಸೀಮೆಎಣ್ಣೆ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಕಡಿಮೆಯಾಗುವ ಬದಲು ಏರಿರುತ್ತದೆ, ಮೂಸಿದರೆ ವಾಸನೆ ಗೊತ್ತಾಗುತ್ತದೆ. ಅಂಥ ಆಯಿಲನ್ನು ಬೇಗ ಬೇಗ ಬದಲಾಯಿಸಬೇಕು. ಇಷ್ಟೆಲ್ಲ ಮಾಡೋಣ ಅಂದರೂ ರೇಷನ್ ಸೀಮೆಎಣ್ಣೆ ಈಗ ಮೊದಲಿನ ಹಾಗೆ ಸಿಗುವುದಿಲ್ಲ. ಹೊಸದಾಗಿ ಕೊಳ್ಳುವವರಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಇನ್ನು ಪೆಟ್ರೋಲ್. ಸ್ಟಾರ್ಟ್ ಆಗುವುದರಲ್ಲಿ, ಮೋಟರ್ ಎಳೆಯುವುದರಲ್ಲಿ ಮೂರರಲ್ಲೂ ಇದೇ ಮುಂದೆ. ನಮ್ಮದು ಒಳ್ಳೆ ಲೋಡ್ ಇದ್ದಾಗ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ತೊಂದರೆ ಇರುವುದು ಓಡುವಾಗಲ್ಲ, ಸುಮ್ನೆ ನಿಂತಾಗ. 2022ರ ಹೊತ್ತಿಗೆ ಬಂಕಿನ ಪೆಟ್ರೋಲಿನಲ್ಲಿ ಶೇ 10ರಷ್ಟು ಎಥನಾಲ್ ಇತ್ತು. 2023ರ ಫೆಬ್ರವರಿಯಲ್ಲಿ ಶೇ 20 ಬೆರೆಸಿದ ಇ20 ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ಅದೇ ಮಾಮೂಲಿ ಪೆಟ್ರೋಲ್ ಆಯಿತು. ಎಥನಾಲ್ ನೀರನ್ನು ಎಳೆದುಕೊಳ್ಳುವ ವಸ್ತು. ನಮ್ಮ ಕಡೆ ಜುಲೈನಲ್ಲಿ ಒಣಗಿದ ಬಟ್ಟೆಯೇ ಬೀರುವಿನಲ್ಲಿ ತೇವ ಆಗುತ್ತದೆ, ಅಂಥ ಗಾಳಿ ಅರ್ಧ ಖಾಲಿ ಟ್ಯಾಂಕಿನೊಳಗೂ ಇರುತ್ತದಲ್ವಾ? ಸ್ವಲ್ಪ ನೀರಾದರೆ ಪೆಟ್ರೋಲ್ ಜೊತೆಗೇ ಬೆರೆತು ಉರಿದುಹೋಗುತ್ತದೆ. ಜಾಸ್ತಿಯಾದರೆ, ಅದರಲ್ಲೂ ಚಳಿ ರಾತ್ರಿಗಳಲ್ಲಿ, ನೀರು ಮತ್ತು ಎಥನಾಲ್ ಎರಡೂ ಸೇರಿ ಕೆಳಗೆ ಬೇರೆ ಪದರವಾಗಿ ಇಳಿಯುತ್ತವೆ. ಟ್ಯಾಂಕಿನ ತಳದಿಂದ ಎಂಜಿನ್ ಮೊದಲು ಹೀರುವುದು ಆ ಪದರವನ್ನೇ.

ಇದನ್ನು ಕಣ್ಣಾರೆ ನೋಡಬೇಕಾದರೆ ಅಳತೆಯ ಗೆರೆ ಇರುವ ಉದ್ದ ಗಾಜಿನ ಬಾಟ್ಲಿ ಸಾಕು. 100 ಎಂಎಲ್ ಪೆಟ್ರೋಲಿಗೆ 10 ಎಂಎಲ್ ನೀರು ಹಾಕಿ ಅಲ್ಲಾಡಿಸಿ ಬಿಡಿ. ಸ್ವಲ್ಪ ಹೊತ್ತಿಗೆ ಕೆಳಗಿನ ಪದರ 10ರಲ್ಲಿ ನಿಲ್ಲುವುದಿಲ್ಲ, 30ರ ಹತ್ತಿರಕ್ಕೆ ಬರುತ್ತದೆ. ಏರಿದ್ದಷ್ಟೂ ಎಥನಾಲ್. ಅಂಗಳದಲ್ಲಿ ಮಾಡಿ, ಒಲೆ, ಬೀಡಿ ಹತ್ತಿರ ಇರಬಾರದು.

ಹೆಚ್ಚು ದುಡ್ಡಿನ 95 ಆಕ್ಟೇನ್ ಪೆಟ್ರೋಲ್ ಹಾಕಿದರೆ ಈ ರಗಳೆ ಇರಲ್ಲ ಅಂತ ಕೆಲವರು ಹೇಳುತ್ತಾರೆ. ಆಕ್ಟೇನ್ ಹೆಚ್ಚು ಅಂದರೆ ಒತ್ತಡದಲ್ಲಿ ಪೆಟ್ರೋಲ್ ತಾನಾಗಿ ಬೇಗ ಹೊತ್ತಿಕೊಳ್ಳುವುದಿಲ್ಲ ಅಂತಷ್ಟೇ, ಎಥನಾಲ್ ಇಲ್ಲ ಅಂತಲ್ಲ. ಈ ಸಣ್ಣ ಎಂಜಿನ್ನುಗಳ ಕಂಪ್ರೆಷನ್ (ಒಳಗಿನ ಒತ್ತಡ) ಕಡಿಮೆ, ಅವಕ್ಕೆ ಅಷ್ಟು ಆಕ್ಟೇನ್ ಬೇಕಾಗಿಯೂ ಇಲ್ಲ. ನಾನು ಎರಡನ್ನೂ ಹಾಕಿ ಓಡಿಸಿದೆ, ಶಬ್ದದಲ್ಲಾಗಲಿ ಪೆಟ್ರೋಲ್ ಕುಡಿಯುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡನ್ನು ಹೊಸ ಪ್ಲಗ್ಗಿಗೆ ಹಾಕುವುದು ಮೇಲು.

ನಿಜವಾದ ವ್ಯತ್ಯಾಸ ಕಂಡಿದ್ದು ನಿಲ್ಲಿಸುವ ರೀತಿಯಲ್ಲಿ. ಇದರಲ್ಲೂ ಮೂರು ದಾರಿ. ಸ್ವಿಚ್ ಆಫ್ ಮಾಡಿ ಎದ್ದು ಹೋಗುವುದು ಒಂದು. ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆರುವ ತನಕ ಓಡಲು ಬಿಡುವುದು ಇನ್ನೊಂದು. ಹಾಗೆ ಆರಿದ ಮೇಲೆ ಕಾರ್ಬೊರೇಟರ್ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಇಳಿಸುವುದು ಮೂರನೆಯದು. ಮೊದಲನೆಯದರಲ್ಲಿ ಕಾರ್ಬೊರೇಟರ್ ತಳದ ಬಟ್ಟಲು, ಅಂದರೆ ಫ್ಲೋಟ್ ಬೌಲ್ ತುಂಬ ಪೆಟ್ರೋಲ್ ಉಳಿಯುತ್ತದೆ. ಹಗುರವಾದ ಅಂಶ ಆರಿಹೋಗಿ, ಉಳಿದದ್ದು ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿಗೆ ಹಲಸಿನ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಎರಡನೆಯದು ಚೆನ್ನಾಗಿಯೇ ಇದೆ, ವಾರಕ್ಕೊಮ್ಮೆ ಓಡುವ ಮಿಷನ್ನಿಗೆ ಅಷ್ಟು ಸಾಕು. ಆದರೆ ಮೇನ್ ಜೆಟ್ ಎಟುಕದಷ್ಟು ಆಳದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಅದನ್ನು ನಾನು ಗಾಜಿನ ಲೋಟಕ್ಕೆ ಹಿಡಿದು ನೋಡುತ್ತೇನೆ. ತಿಳಿ ಹಳದಿ ಪೆಟ್ರೋಲಿನ ತಳದಲ್ಲಿ ಬೇರೆಯಾಗಿ ಓಡಾಡುವ ಒಂದೆರಡು ಗುಂಡು ಹನಿ, ಅವುಗಳ ಸುತ್ತ ಟ್ಯಾಂಕಿನ ತುಕ್ಕಿನ ಕಂದು ಪುಡಿ. ಕಾಕ್ ಮುಚ್ಚಿ ಓಡಿಸಿದ್ದರೂ ಇವು ಹೋಗಿರುವುದಿಲ್ಲ. ಮಳೆ ಮುಗಿದು ಮಿಷನ್ ಮೂಲೆ ಸೇರುವಾಗ ಮೂರನೇ ದಾರಿಯೇ ಆಗಬೇಕು. ಸ್ಕ್ರೂ ಬಿಗಿ ಮಾಡುವಾಗ ಮಾತ್ರ ಹುಷಾರು, ಬೌಲಿನೊಳಗಿನ ಸ್ಕ್ರೂ ಗೆರೆ ಮೆದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಈ ಕೆಲಸಕ್ಕೆ ಕೈ ಹಾಕಿ.

ಟ್ಯಾಂಕನ್ನು ಏನು ಮಾಡುವುದು? ಮಳೆಗಾಲದ ನಡುವೆ ಇದ್ದರೆ ತುಂಬಿಸಿಡಿ, ಒಳಗೆ ಗಾಳಿಗೆ ಜಾಗ ಕಡಿಮೆ. ತಿಂಗಳುಗಟ್ಟಲೆ ಬಿಡುವುದಾದರೆ ಪೂರ್ತಿ ಇಳಿಸಿ ಸ್ಕೂಟರಿಗೆ ಹಾಕಿಬಿಡಿ. ಪೆಟ್ರೋಲ್ ಬೇಗ ಹಳಸದಂತೆ ಬೆರೆಸುವ ಫ್ಯೂಯಲ್ ಸ್ಟೆಬಿಲೈಸರ್ ಅನ್ನೂ ಬಳಸಿದ್ದೇನೆ. ತಾಜಾ ಪೆಟ್ರೋಲಿಗೆ ಬೆರೆಸಿ ಹತ್ತು ನಿಮಿಷ ಓಡಿಸಿದರೆ ಕೆಲಸ ಮಾಡುತ್ತದೆ. ಕೆಟ್ಟ ಪೆಟ್ರೋಲನ್ನು ಅದು ಸರಿ ಮಾಡುವುದಿಲ್ಲ, ಸೇರಿದ ನೀರನ್ನು ತೆಗೆಯುವುದೂ ಇಲ್ಲ.

ಜೆಟ್ ಕಟ್ಟಿದೆಯೋ ಇಲ್ಲವೋ ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಲೋಡ್ ಇಲ್ಲದೆ ಓಡುವಾಗ ಎಂಜಿನ್ ಏರುವುದು ಇಳಿಯುವುದು ಮಾಡುತ್ತಿದ್ದರೆ ಚೋಕನ್ನು ಅರ್ಧ ಎಳೆದು ನೋಡಿ. ಶಬ್ದ ಒಂದೇ ಸಮ ಆಯಿತೆಂದರೆ ಪೆಟ್ರೋಲ್ ಸಾಲುತ್ತಿಲ್ಲ, ಜೆಟ್ ಬಿಚ್ಚಬೇಕು. ಬಿಚ್ಚಿದ ಮೇಲೆ ತಂತಿ, ಪಿನ್ನು ಚುಚ್ಚಬೇಡಿ, ತೂತು ಅಗಲವಾದರೆ ಆ ಜೆಟ್ ಮುಗಿಯಿತು. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ, ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಿ. ಬೆಳಕಿಗೆ ಎತ್ತಿ ಹಿಡಿದರೆ ತೂತು ದುಂಡಗೆ, ಚೊಕ್ಕವಾಗಿ ಕಾಣಬೇಕು.

ಗ್ಯಾಸಿನ ದೊಡ್ಡ ಅನುಕೂಲ ಇಲ್ಲೇ ಇರುವುದು. ಅದು ಹಳಸುವುದಿಲ್ಲ, ನೀರು ಎಳೆಯುವುದಿಲ್ಲ, ಜೆಟ್ಟಿಗೆ ಅಂಟುವುದಿಲ್ಲ. ತಮ್ಮನ ಮಿಷನ್ ಬೇಸಿಗೆಯೆಲ್ಲ ಮುಟ್ಟದೆ ಇದ್ದು, ಮಳೆ ಬಂದಾಗ ಮೂರ್ನಾಲ್ಕು ಸಲ ಹಗ್ಗ ಎಳೆಯುವಷ್ಟರಲ್ಲಿ ಎದ್ದುಬಿಡುತ್ತದೆ. ಪ್ಲಗ್ ತೆಗೆದರೆ ಚೊಕ್ಕ, ಆಯಿಲ್ ಕೂಡ ಬಹಳ ದಿನ ಕಪ್ಪಾಗುವುದಿಲ್ಲ. ಆದರೆ ಕಸುವು ಸ್ವಲ್ಪ ಕಡಿಮೆ. ಪೆಟ್ರೋಲಿನಲ್ಲಿ ಎಳೆಯುತ್ತಿದ್ದ ನೀರಿನ ಮೋಟರ್ ಗ್ಯಾಸಿನಲ್ಲಿ ಶುರುವಾಗುವಾಗ ತಡವರಿಸುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಜಾಸ್ತಿ ಲೋಡ್ ಹಾಕಿ ಬಹಳ ಹೊತ್ತು ಓಡಿಸಿದರೆ ಸಿಲಿಂಡರ್ ಮೈ ಬೆವರಿ ತಣ್ಣಗಾಗುತ್ತದೆ, ಒಳಗೆ ಗ್ಯಾಸ್ ಏಳುವುದು ನಿಧಾನವಾಗುತ್ತದೆ. ಸಿಲಿಂಡರ್ ಅರ್ಧಕ್ಕಿಂತ ಕಡಿಮೆ ಇದ್ದರಂತೂ ಎಂಜಿನ್ ಸೊರಗುವುದು ಕೇಳಿಸುತ್ತದೆ. ಮನೆ ಅಡುಗೆಯ 14.2 ಕೆಜಿ ಸಿಲಿಂಡರ್ ಇದಕ್ಕೆ ಹಾಕುವ ಹಾಗಿಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರೇ ಬೇಕು. ಹೋಂಸ್ಟೇನಲ್ಲಿ ಅದು ಹೇಗೂ ಇರುತ್ತದೆ, ನಮ್ಮಂಥ ಮನೆಗೆ ಇದಕ್ಕೆಂದೇ ತರಿಸಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಹೋಗಿ ಕೂರುತ್ತದೆ. ಕಿಟ್ ಹಾಕಿಸಿದವರು ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಆಗಾಗ ನೋಡಲೇಬೇಕು.

ಮೂರಕ್ಕೂ ಒಂದು ಮಾತು ಒಂದೇ. ಮಳೆ ಅಂತ ಜನರೇಟರನ್ನು ಮುಚ್ಚಿದ ಜಗಲಿಯಲ್ಲೋ ಕಿಟಕಿ ಪಕ್ಕದಲ್ಲೋ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮನೆಯಿಂದ ದೂರದಲ್ಲಿ, ನಾಲ್ಕು ಕಡೆ ತೆರೆದ ಶೀಟಿನ ಕೆಳಗೆ ಇಡಿ. ಮನೆ ವೈರಿಂಗಿಗೆ ಕೊಡುವುದಾದರೆ, ಹೊರಗಿನ ಲೈನನ್ನು ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಕೊಡಬೇಡಿ. ನಿಮ್ಮ ಕರೆಂಟು ವಾಪಸ್ ಲೈನಿಗೆ ಹೋದರೆ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೇ ಅಪಾಯ.

ಕಮರ್ಷಿಯಲ್ ಸಿಲಿಂಡರ್ ಈಗಾಗಲೇ ಇರುವವರು, ವರ್ಷದಲ್ಲಿ ಬಹುಪಾಲು ಮಿಷನ್ ಮುಟ್ಟದವರು ಗ್ಯಾಸಿಗೆ ಹೋಗಲಿ. ನೀರಿನ ಮೋಟರ್ ಓಡಿಸಬೇಕಾದವರಿಗೆ, ತಿಂಗಳಿಗೊಮ್ಮೆಯಾದರೂ ಲೋಡ್ ಹಾಕಿ ಕಾಲು ಗಂಟೆ ಓಡಿಸುವ ಅಭ್ಯಾಸ ಇರುವವರಿಗೆ ಪೆಟ್ರೋಲೇ ಸರಿ. ನಾನು ಪೆಟ್ರೋಲನ್ನೇ ಉಳಿಸಿಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಸ್ಟಾರ್ಟ್ ಆಗಿದ್ದಷ್ಟೇ ನೋಡಿ ದುಡ್ಡು ಕೊಡಬೇಡಿ. ಮಾರುವವರ ಎದುರೇ ಡ್ರೈನ್ ಸ್ಕ್ರೂ ಬಿಚ್ಚಿಸಿ, ಇಳಿದದ್ದನ್ನು ಲೋಟದಲ್ಲಿ ಹಿಡಿದು ನೋಡಿ, ಆಮೇಲೆ ರೇಟು ಮಾತಾಡಿ.