ಬ್ಯಾಟರಿಗೆ ಟ್ಯಾಂಕೋ, ಬಾವಿಯೋ, ಕಣಜವೋ?

ಮನೆಯ ಇನ್ವರ್ಟರಿಗೆ ಕೈಪಿಡಿ ಬರೆಯುವಾಗ ನನ್ನನ್ನು ಸತಾಯಿಸಿದ್ದು ಒಂದೇ ಪುಟ: ಬ್ಯಾಟರಿಯ ಮೇಲಿನ ‘12 ವೋಲ್ಟ್, 150 ಆಂಪಿಯರ್-ಅವರ್’ ಎಂದರೇನು? ಮೂರು ಚಿತ್ರ ಬರೆದು ಅತ್ತೆಗೂ ಪಕ್ಕದ ಮನೆಯವರಿಗೂ ತೋರಿಸಿದೆ.

ಮೊದಲನೆಯದು ತಾರಸಿಯ ನೀರಿನ ಟ್ಯಾಂಕ್. ಅದರ ಎತ್ತರ ವೋಲ್ಟೇಜ್, ನಲ್ಲಿಯ ಹರಿವು ಕರೆಂಟ್, ಹಿಡಿಸುವ ಲೀಟರು ಆಂಪಿಯರ್-ಅವರ್. ಅರ್ಧ ನಿಮಿಷದಲ್ಲಿ ಇಬ್ಬರಿಗೂ ಅರ್ಥವಾಯಿತು. ಎಡವಟ್ಟು ಶುರುವಾದದ್ದೂ ಅಲ್ಲಿಂದಲೇ. ಪಕ್ಕದ ಮನೆಯವರು 12ನ್ನು 150ರಿಂದ ಗುಣಿಸಿ, 1800 ವಾಟ್-ಅವರ್ ಇದೆ, 300 ವಾಟ್ ಉರಿಸಿದರೆ ಆರು ಗಂಟೆ ಖಂಡಿತ ಎಂದರು. ನಲ್ಲಿಯನ್ನು ಜೋರಾಗಿ ತಿರುಗಿಸಿದರೂ ಸಣ್ಣಗೆ ಬಿಟ್ಟರೂ ಟ್ಯಾಂಕಿನ ಲೀಟರು ಅಷ್ಟೇ. ಸೀಸ-ಆಮ್ಲದ ಬ್ಯಾಟರಿ ಹಾಗಲ್ಲ. ಆ 150 ಸಾಮಾನ್ಯವಾಗಿ 20 ಗಂಟೆ ಕಾಲ 7.5 ಆಂಪಿಯರ್‌ನಂತೆ ಎಳೆದಾಗ ಸಿಗುವ ಲೆಕ್ಕ. 300 ವಾಟ್ ಉರಿಸಲು 12 ವೋಲ್ಟಿನಲ್ಲಿ 25 ಆಂಪಿಯರ್ ಎಳೆದರೆ ಅಷ್ಟು ಸಿಗುವುದಿಲ್ಲ. ಇನ್ವರ್ಟರ್ ತಾನೇ ತಿನ್ನುವುದು ಬೇರೆ. ಮೇಲಾಗಿ, ಖಾಲಿ ಟ್ಯಾಂಕಿಗೆ ಏನೂ ಆಗುವುದಿಲ್ಲ. ಬರಿದು ಮಾಡಿ ಹಾಗೆಯೇ ಬಿಟ್ಟ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಕಟ್ಟುತ್ತದೆ.

ಎರಡನೆಯದು ಬಾವಿ. ಒಂದೇ ಸಮನೆ ಸೇದಿದರೆ ನೀರು ಬೇಗ ಕೆಳಗಿಳಿಯುತ್ತದೆ. ತುಸು ಬಿಟ್ಟರೆ ಊಟೆಯಿಂದ ಮತ್ತೆ ಏರುತ್ತದೆ. ಹೊರೆ ಹೆಚ್ಚಿದಾಗ ಕುಸಿದ ವೋಲ್ಟೇಜ್ ಸ್ವಿಚ್ ಆರಿಸಿದ ಮೇಲೆ ಚೇತರಿಸಿಕೊಳ್ಳುವುದೂ ಹೀಗೆಯೇ. ತಳಕ್ಕೆ ಕೊಡ ಬಿಟ್ಟರೆ ಬರುವುದು ಕೆಸರು ಎಂದು ಅತ್ತೆಗೆ ನಾನು ಹೇಳಿಕೊಡಬೇಕಾಗಲಿಲ್ಲ, ಅವರೇ ಹೇಳಿದರು. ಗೆದ್ದೆ ಎಂದುಕೊಂಡೆ. ಆಗ ಅವರು ಕೇಳಿದರು: “ಹಾಗಾದರೆ ಡಿಸ್ಟಿಲ್ಡ್ ವಾಟರ್ ಸುರಿದರೆ ಕರೆಂಟ್ ತುಂಬಿಕೊಳ್ಳುತ್ತದೆಯೇನಪ್ಪಾ?” ಬ್ಯಾಟರಿಯ ಒಳಗೆ ನಿಜವಾಗಿಯೂ ನೀರಿದೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ! ಟ್ಯಾಂಕಿನ ಚಿತ್ರಕ್ಕೂ ಇದೇ ದೋಷ.

ನೀರೇ ಬೇಡವೆಂದು ಮೂರನೆಯದಾಗಿ ಕಣಜ ಬರೆದೆ. ಗೊಂದಲವೇನೋ ತಪ್ಪಿತು. ಆದರೆ ವೋಲ್ಟೇಜಿಗೆ ಅದರಲ್ಲಿ ಜಾಗವಿಲ್ಲ, ಪಕ್ಕದ ಮನೆಯ ಹುಡುಗನಿಗೆ ಮೊದಲು ಕಣಜವೆಂದರೇನೆಂದು ಬಿಡಿಸಿ ಹೇಳಬೇಕಾಯಿತು. ಹರಿದು ಹಾಕಿದೆ.

ಕೊನೆಗೆ ಬಾವಿಯನ್ನೇ ಉಳಿಸಿಕೊಂಡೆ. ಅರ್ಧದಲ್ಲಿ ಒಂದು ಕೆಂಪು ಗೆರೆ ಎಳೆದು, ‘ಇದರ ಕೆಳಗೆ ಕೊಡ ಇಳಿಸಬೇಡಿ’ ಎಂದು ಬರೆದೆ. ಡಿಸ್ಟಿಲ್ಡ್ ವಾಟರ್ ಹಾಕುವ ಪುಟದಲ್ಲಿ ಮಾತ್ರ ಯಾವ ಹೋಲಿಕೆಯೂ ಇಲ್ಲ. ಮುಚ್ಚಳದ ಮೇಲಿನ ತೇಲುವ ಕಡ್ಡಿ, ಅದರ ಹಸಿರು ಗುರುತು, ಕೆಂಪು ಗುರುತು, ಇಷ್ಟೇ.