ಹಲ್ಲು ಕೀಳಿಸುವ ಮುಂಚಿನ ಮಂಪರು ಗುಳಿಗೆ: ಎರಡನೆಯದನ್ನು ನುಂಗಬೇಡಿ

ವಿಜಯಪುರದ ಒಂದು ಹಲ್ಲಿನ ದವಾಖಾನೆಯಲ್ಲಿ ಆದದ್ದು. ಹೆಸರು ಬೇಡ, ಇಂಥ ತಪ್ಪು ಯಾವ ದವಾಖಾನೆಯಲ್ಲಾದರೂ ಆಗಬಹುದು.

ಸಿಂದಗಿ ಕಡೆಯ ಹೆಣ್ಣುಮಗಳು, ವಯಸ್ಸು ಅರವತ್ತರ ಹತ್ತಿರ. ಕೆಳದವಡೆಯ ಎರಡು ಹಲ್ಲು ಕೀಳಬೇಕಿತ್ತು. ಸೂಜಿ ಕಂಡರೆ ಕೈಕಾಲು ನಡುಗುತ್ತಿದ್ದವು, ಹಿಂದೆ ಎರಡು ಸಲ ಕುರ್ಚಿಯಿಂದ ಎದ್ದು ಹೋಗಿದ್ದರು. ಈ ಸಲ ಬೆಳಿಗ್ಗೆ 9:30ಕ್ಕೆ ಲೊರಾಜೆಪಾಮ್ ಎಂಬ ಮಂಪರು ಔಷಧಿಯ 1 ಮಿಗ್ರಾಂ ಗುಳಿಗೆ ಕೊಟ್ಟರು. ಮುಕ್ಕಾಲು ತಾಸು ಕಳೆದರೂ "ಏನೂ ಆಗವಲ್ದರಿ" ಅಂದರು. 10:15ಕ್ಕೆ ಇನ್ನೊಂದು ಕೊಟ್ಟರು. 11ಕ್ಕೆ ಮರಗಟ್ಟಿಸುವ ಸೂಜಿ, 11:30ರ ಹೊತ್ತಿಗೆ ಎರಡೂ ಹಲ್ಲು ಬಟ್ಟಲಿನಲ್ಲಿ. ಅರಳೆ ಕಚ್ಚಿಸಿ ಹೊರಗಿನ ಬೆಂಚಿಗೆ ಒರಗಿಸಿದರು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. "ನಿದ್ದಿ ಹತ್ತೈತಿ, ಮಲಗ್ಲಿ ಬಿಡ್ರಿ" ಅಂದರು ಒಳಗಿನವರು.

12:15ಕ್ಕೆ ಮಗ ತಾಯಿಯನ್ನು ಆಟೋದಲ್ಲಿ ಕೂಡಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟ. ದಾರಿಯಲ್ಲಿ ಗೊರಕೆ ನಿಂತಿತು, ತುಟಿ ನೀಲಿಗಟ್ಟಿತು. ಆಟೋದವನು ಯಾರನ್ನೂ ಕೇಳದೆ ಗಾಡಿಯನ್ನು ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ತಿರುಗಿಸಿದ. ಅಲ್ಲಿ ಗದ್ದ ಎತ್ತಿ ನೋಡಿದರೆ ನಾಲಿಗೆಯ ಹಿಂದಕ್ಕೆ ಜಾರಿದ ರಕ್ತದ ಅರಳೆ. ಆಮ್ಲಜನಕದ ಮಟ್ಟ 80ರ ಆಸುಪಾಸಿಗೆ ಕುಸಿದಿತ್ತು, ರಕ್ತದ ಸಕ್ಕರೆ 54ಕ್ಕೆ. ಉಳಿದರು. ಮರುದಿನ ಬೆಳಿಗ್ಗೆ ಅವರು ಕೇಳಿದ ಮೊದಲ ಮಾತು, "ಹಲ್ಲ ಯಾವಾಗ ಕೀಳ್ತೀರಿ?"

ಎಲ್ಲಿ ಕೆಟ್ಟಿತು ಅಂತ ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ದೊಡ್ಡ ತಪ್ಪು ಆ 10:15ರ ಗುಳಿಗೆ. ರಕ್ತನಾಳಕ್ಕೆ ಕೊಡುವ ಮಂಪರು ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಪರಿಣಾಮ ನೋಡಿ ನಿಲ್ಲಿಸಬಹುದು. ಗುಳಿಗೆ ಹಾಗಲ್ಲ, ನುಂಗಿದ ಮೇಲೆ ಅದು ಹೊಟ್ಟೆಯ ಪಾಲು. ಲೊರಾಜೆಪಾಮ್ ರಕ್ತದಲ್ಲಿ ಅತಿ ಹೆಚ್ಚಿನ ಮಟ್ಟಕ್ಕೆ ಏರಲು ಸುಮಾರು ಎರಡು ತಾಸು ಬೇಕು. ಇದೇ ಜಾತಿಯ ಅಲ್ಪ್ರಜೋಲಾಮ್‌ಗೆ ಒಂದರಿಂದ ಎರಡು ತಾಸು, ಡಯಾಜೆಪಾಮ್‌ಗೆ ಒಂದು ತಾಸಿನ ಆಚೀಚೆ. ಹೊಟ್ಟೆ ತುಂಬ ಉಂಡು ಬಂದಿದ್ದರೆ ಇನ್ನೂ ತಡ. ಮುಕ್ಕಾಲು ತಾಸಿಗೆ "ಏನೂ ಆಗಿಲ್ಲ" ಅನ್ನಿಸುವುದು ಸಹಜವೇ, ಔಷಧಿ ಇನ್ನೂ ಏರುತ್ತಿತ್ತು. ಲೆಕ್ಕ ಹಾಕಿ: ಮೊದಲನೆಯದರ ಏರು 11:30ಕ್ಕೆ, ಎರಡನೆಯದರದ್ದು 12:15ಕ್ಕೆ. ಒಂದರ ಬೆನ್ನ ಮೇಲೆ ಇನ್ನೊಂದು ಕೂತಿತು, ಅದೂ ಕೆಲಸವೆಲ್ಲ ಮುಗಿದು ರೋಗಿ ಆಟೋ ಹತ್ತುವ ಹೊತ್ತಿಗೆ.

ನೋವು, ಒತ್ತಡ, ಯಂತ್ರದ ಸದ್ದು ಇರುವವರೆಗೂ ಮಂಪರಿನ ರೋಗಿ ಅರ್ಧ ಎಚ್ಚರವಾಗಿರುತ್ತಾನೆ. ಹಲ್ಲು ಹೊರಬಂದು ಸುತ್ತ ಶಾಂತವಾದದ್ದೇ ಅದೇ ಪ್ರಮಾಣದ ಔಷಧಿ ಅವನನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಹಲ್ಲು ಕಿತ್ತ ಮೇಲಿನ ಎರಡು ತಾಸು ಕೀಳುವ ಹತ್ತು ನಿಮಿಷಕ್ಕಿಂತ ಅಪಾಯದ್ದು. ನಮ್ಮ ಕಡೆ ಆ ಎರಡು ತಾಸು ಬಸ್ಸಿನಲ್ಲಿ ಕಳೆಯುತ್ತದೆ. ಸಿಂದಗಿಗೆ ಸುಮಾರು 60 ಕಿಲೋಮೀಟರ್.

ಹಾಗಾಗಿ ಮೊದಲ ಗುಳಿಗೆಗೆ ಭಯ ಇಳಿಯದಿದ್ದರೆ ಆ ದಿನ ಕೆಲಸ ಬಿಡಿ. ಇನ್ನೊಂದು ದಿನ ಬನ್ನಿ, ಪ್ರಮಾಣ ಬದಲಿಸಿ ನೋಡಲಿ. ಒಂದು ದಿನದ ಬಸ್ ಖರ್ಚು ಹೋದರೆ ಹೋಗಲಿ. ವಯಸ್ಸಾದವರಿಗೆ ಶುರುವಿನಲ್ಲೇ ಸಾಮಾನ್ಯ ಪ್ರಮಾಣದ ಅರ್ಧ ಸಾಕು. ಇನ್ನೊಂದು ಮಾತು: ಈ ಗುಳಿಗೆ ಭಯ ಇಳಿಸುತ್ತದೆ, ನೋವು ಕಡಿಮೆ ಮಾಡುವುದಿಲ್ಲ. ಕುರ್ಚಿಯಲ್ಲಿ ರೋಗಿ ಒದ್ದಾಡುತ್ತಿದ್ದರೆ ಬಹಳ ಸಲ ಮರಗಟ್ಟುವಿಕೆ ಸರಿಯಾಗಿ ಹಿಡಿದಿರುವುದಿಲ್ಲ. ಅದಕ್ಕೆ ಮದ್ದು ಇನ್ನೊಂದು ಸೂಜಿ.

ಗೊರಕೆಯ ವಿಷಯ. ಮಂಪರಿನ ಗೊರಕೆ ಒಳ್ಳೆಯ ನಿದ್ದೆಯ ಗುರುತಲ್ಲ, ನಾಲಿಗೆ ಹಿಂದೆ ಬಿದ್ದು ಉಸಿರಿನ ದಾರಿ ಅರ್ಧ ಮುಚ್ಚಿದೆ ಎಂಬ ಸೂಚನೆ. ಗೊರಕೆ ನಿಂತರೆ ಮೂರರಲ್ಲಿ ಒಂದು: ದಾರಿ ತೆರೆದಿದೆ, ಪೂರ್ತಿ ಮುಚ್ಚಿದೆ ಅಥವಾ ಉಸಿರಾಟವೇ ನಿಂತಿದೆ. ಎದೆ ಮೇಲೆ ಕೆಳಗೆ ಆಗುತ್ತಿದ್ದರೂ ಮೂಗಿನ ಹತ್ತಿರ ಹಿಡಿದ ಅಂಗೈಗೆ ಗಾಳಿ ತಾಗದಿದ್ದರೆ ಪೂರ್ತಿ ಮುಚ್ಚಿದೆ ಅಂತಲೇ.

ಅರಳೆಯನ್ನು ಎಚ್ಚರವಿದ್ದವನು ಕಚ್ಚಿ ಹಿಡಿಯುತ್ತಾನೆ. ಮಂಪರಿನವನ ದವಡೆ ಸಡಿಲ, ಬಾಯಿಗೆ ಸ್ಪರ್ಶವಿಲ್ಲ, ನುಂಗುವ ಕೆಮ್ಮುವ ಚುರುಕೂ ಕಡಿಮೆ. ಅಂಥವರ ರಕ್ತ ನಿಲ್ಲುವವರೆಗೆ ಒಬ್ಬರು ಎದುರೇ ಕೂತು ಒತ್ತಿ ಹಿಡಿಯಬೇಕು, ಬೇಕಾದರೆ ಹೊಲಿಗೆ ಹಾಕಬೇಕು, ಕುರ್ಚಿಯಿಂದ ಏಳುವ ಮುಂಚೆ ಅರಳೆ ತೆಗೆದು ಎಣಿಸಬೇಕು. ಅರಳೆ ಇಡಲೇಬೇಕೆಂದರೆ ಉದ್ದ ದಾರ ಕಟ್ಟಿ ತುದಿಯನ್ನು ಕೆನ್ನೆಗೆ ಟೇಪು ಹಚ್ಚಿಡುವ ರೂಢಿ ಇದೆ. ನೋಡಲು ಚಂದವಿಲ್ಲ, ಕೆಲಸ ಮಾಡುತ್ತದೆ.

ಇನ್ನು ಸಕ್ಕರೆ. ಆ ಹೆಣ್ಣುಮಗಳಿಗೆ ಸಕ್ಕರೆ ಕಾಯಿಲೆ ಇತ್ತು. "ಏನೂ ತಿನ್ನದೆ ಬರ್ರಿ" ಅಂದಿದ್ದರು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ಬಿಡಿ ಅಂತ ಯಾರೂ ಹೇಳಿರಲಿಲ್ಲ. ಅವರು ಖಾಲಿ ಹೊಟ್ಟೆಗೆ ಅದನ್ನು ನುಂಗಿ ಬಂದಿದ್ದರು. ಸಕ್ಕರೆ ಇಳಿದವರೂ ಬೆವರಿ, ತೊದಲಿ, ಮಂಕಾಗಿ ಮಲಗುತ್ತಾರೆ. ಗುಳಿಗೆ ಕೊಟ್ಟಿದ್ದರೆ ಎಲ್ಲರೂ ಅದನ್ನು ಮಂಪರು ಅಂದುಕೊಳ್ಳುತ್ತಾರೆ. ಬೆರಳು ಚುಚ್ಚಿ ನೋಡಲು ಒಂದು ನಿಮಿಷ ಬೇಡ. ಸಕ್ಕರೆ ಕಾಯಿಲೆಯವರು ಉಪವಾಸ ಎಷ್ಟು ತಾಸು, ಯಾವ ಗುಳಿಗೆ ಬಿಡಬೇಕು ಅಂತ ಹಿಂದಿನ ದಿನವೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಬೇರೆ ಗುಳಿಗೆಗಳನ್ನೂ ಮುಚ್ಚಿಡಬೇಡಿ. ನೆಗಡಿಗೆ ನುಂಗುವ ಕ್ಲೋರ್ಫೆನಿರಮೈನ್, ಸೆಟಿರಿಜಿನ್ ಮಂಪರನ್ನು ಹೆಚ್ಚಿಸುತ್ತವೆ. ಟ್ರಾಮಡಾಲ್ ಇರುವ ನೋವಿನ ಗುಳಿಗೆ ಮತ್ತು ಸಾರಾಯಿ ಉಸಿರನ್ನೇ ತಗ್ಗಿಸುತ್ತವೆ. ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್, ಫಂಗಸ್‌ಗೆ ಕೊಡುವ ಫ್ಲೂಕೊನಜೋಲ್, ಬಿಪಿಯ ಡಿಲ್ಟಿಯಾಜೆಮ್ ಇದ್ದರೆ ಯಕೃತ್ತು ಅಲ್ಪ್ರಜೋಲಾಮ್ ಮತ್ತು ಮಿಡಾಜೋಲಾಮ್‌ಗಳನ್ನು ಕರಗಿಸುವುದು ನಿಧಾನವಾಗಿ, ಸಣ್ಣ ಪ್ರಮಾಣವೂ ದೊಡ್ಡದಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಬೆಚ್ಚಿ ಏಳುವವರು, ದಮ್ಮಿನವರು, ಬಸುರಿಯರು ಈ ಗುಳಿಗೆಯ ತಂಟೆಗೇ ಹೋಗಬಾರದು.

ಗುಟ್ಕಾ ತಿನ್ನುವವರ ಬಗ್ಗೆ ಬೇರೆಯೇ ಹೇಳಬೇಕು. ವರ್ಷಗಟ್ಟಲೆ ತಿಂದವರ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಇಲ್ಲ. ನಿಮ್ಮದೇ ಮೂರು ಬೆರಳು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಎರಡು ಬೆರಳೂ ಹೋಗದಿದ್ದರೆ, ಉಸಿರು ನಿಂತಾಗ ನಳಿಕೆ ಹಾಕಲು ಅರಿವಳಿಕೆ ತಜ್ಞರಿಗೂ ಕಷ್ಟ. ಅಂಥವರಿಗೆ ಸಣ್ಣ ದವಾಖಾನೆಯಲ್ಲಿ ಮಂಪರು ಬೇಡ.

ಮಕ್ಕಳಿಗೆ ಮಿಡಾಜೋಲಾಮ್ ಅಥವಾ ಟ್ರೈಕ್ಲೋಫೋಸ್ ಸಿರಪ್ ಕೊಡುತ್ತಾರೆ. ಪ್ರಮಾಣ ಮಗುವಿನ ತೂಕದ ಮೇಲೆ, ಅದೂ ಅವತ್ತೇ ತಕ್ಕಡಿಯಲ್ಲಿ ನೋಡಿದ ತೂಕ. ಮನೆಯಲ್ಲಿ ಕುಡಿಸಿ ಕರೆತನ್ನಿ ಅಂದರೆ ಒಪ್ಪಬೇಡಿ, ದಾರಿಯಲ್ಲಿ ಕತ್ತು ಮುಂದಕ್ಕೆ ಬಾಗಿದರೆ ಸಾಕು, ಉಸಿರು ಕಟ್ಟುತ್ತದೆ. ಮಗು ಉಗುಳಿದರೆ ಮತ್ತೆ ಕುಡಿಸುವಂತಿಲ್ಲ, ಎಷ್ಟು ಒಳಗೆ ಹೋಯಿತು ಅಂತ ಯಾರಿಗೂ ತಿಳಿಯದು. ಕೆಲವು ಮಕ್ಕಳು ಮಲಗುವ ಬದಲು ಕಿರುಚಿ ಹಾರಾಡುತ್ತಾರೆ. ಅದೂ ಇದೇ ಔಷಧಿಯ ಆಟ, ಮತ್ತಷ್ಟು ಕೊಟ್ಟರೆ ಹೆಚ್ಚುತ್ತದೆ.

ಒಪ್ಪುವ ಮುಂಚೆ ದವಾಖಾನೆಯಲ್ಲಿ ಕಣ್ಣಾಡಿಸಿ. ಪಲ್ಸ್ ಆಕ್ಸಿಮೀಟರ್, ತುಂಬಿದ ಆಮ್ಲಜನಕದ ಸಿಲಿಂಡರ್, ಉಸಿರು ಕೊಡಲು ಮುಖಕ್ಕೆ ಹಿಡಿದು ಒತ್ತುವ ಚೀಲ, ಬಾಯಿಯ ರಕ್ತ, ಉಗುಳು ಎಳೆಯುವ ಸಕ್ಷನ್, ಮತ್ತು ರೋಗಿಯನ್ನು ನೋಡುತ್ತ ನಿಲ್ಲುವುದೇ ಕೆಲಸವಾದ ಒಬ್ಬರು. ಈ ಮಂಪರನ್ನು ಇಳಿಸುವ ಫ್ಲುಮಜೆನಿಲ್ ಇಟ್ಟಿದ್ದೇವೆ ಅಂದರೆ ಒಳ್ಳೆಯದೇ, 0.2 ಮಿಗ್ರಾಂನಿಂದ ಶುರು ಮಾಡಿ ರಕ್ತನಾಳಕ್ಕೆ ಕೊಟ್ಟರೆ ಎಚ್ಚರವಾಗುತ್ತಾರೆ. ಅದರ ಬಲ ತಾಸಿನೊಳಗೆ ಇಳಿಯುತ್ತದೆ, ಲೊರಾಜೆಪಾಮ್ ಇನ್ನೂ ದೇಹದಲ್ಲಿರುತ್ತದೆ, ಆದ್ದರಿಂದ ಎಚ್ಚರಾದರು ಅಂತ ಕಳಿಸಿದರೆ ಮನೆಯಲ್ಲಿ ಮತ್ತೆ ಮುಳುಗುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಗುಳಿಗೆಯ ಮುಂಚೆಯೇ ಆಗಬೇಕು. ಆಮೇಲೆ ಹೇಳಿದ ಯಾವುದೂ ರೋಗಿಗೆ ನೆನಪಿರುವುದಿಲ್ಲ. ಅಂಗಡಿಯಲ್ಲಿ ಚೀಟಿಯಿಲ್ಲದೆ ಅಲ್ಪ್ರಜೋಲಾಮ್, ಡಯಾಜೆಪಾಮ್ ಕೊಡುವುದು ಕಾನೂನಿಗೆ ವಿರುದ್ಧ, ಇವು ಸೇರಿರುವ ಎಚ್1 ಎಂಬ ಸರ್ಕಾರಿ ಪಟ್ಟಿಯ ಔಷಧಿಗಳ ಮಾರಾಟ ಬರೆದಿಡಲು ಬೇರೆ ವಹಿಯೇ ಇದೆ.

ಭಯ ಬಹಳವಿದ್ದರೆ ಮೂಗಿನ ಮುಖವಾಡದಿಂದ ಕೊಡುವ ನೈಟ್ರಸ್ ಆಕ್ಸೈಡ್ ಎಂಬ ಮಂಪರು ಅನಿಲ ಇದೆಯೇ ಅಂತ ವಿಚಾರಿಸಿ. ನಿಲ್ಲಿಸಿ ಐದು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ತಲೆ ತಿಳಿಯಾಗುತ್ತದೆ, ಮೂಗು ಕಟ್ಟಿದ್ದರೆ ಮಾತ್ರ ಉಪಯೋಗವಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಡೆಂಟಲ್ ಕಾಲೇಜೂ ಇದೆ, ಮೆಡಿಕಲ್ ಕಾಲೇಜೂ ಇದೆ. ಕಷ್ಟದ ರೋಗಿಯನ್ನು ಅಲ್ಲಿಗೆ ಕಳಿಸುವ ವೈದ್ಯರಿಗೆ ಕೆಲಸ ಬಾರದು ಅಂತ ತಿಳಿಯಬೇಡಿ.

ಮನೆಗೆ ಕರೆದೊಯ್ಯುವವರಿಗೆ: ರೋಗಿ ತಾನಾಗಿ ನೆಟ್ಟಗೆ ನಡೆದು, ಸ್ಪಷ್ಟವಾಗಿ ಮಾತಾಡಿ, ಕೆಮ್ಮದೆ ನೀರು ಕುಡಿಯುವವರೆಗೂ ಬಾಗಿಲು ದಾಟಬೇಡಿ. ಬೈಕಿನ ಹಿಂದೆ ಕೂಡಿಸಬೇಡಿ. 24 ತಾಸು ಗಾಡಿ, ಮೇವು ಕತ್ತರಿಸುವ ಯಂತ್ರ, ಒಲೆ ಯಾವುದನ್ನೂ ಮುಟ್ಟಲು ಬಿಡಬೇಡಿ. ಮಲಗಿಸುವಾಗ ಒಂದು ಮಗ್ಗುಲಿಗೆ. ಗೊರಕೆ ಬಂದರೆ ಗದ್ದ ಹಿಡಿದು ಮುಂದಕ್ಕೆ ಎತ್ತಿ, ಹೆಸರು ಕೂಗಿ, ಭುಜ ಹಿಂಡಿ. ಕಣ್ಣು ತೆರೆಯದಿದ್ದರೆ 108ಕ್ಕೆ ಫೋನ್ ಮಾಡಿ, ಬರುವವರೆಗೂ ಗದ್ದ ಬಿಡಬೇಡಿ. ಬಾಯಲ್ಲಿ ಅರಳೆ ಕಣ್ಣಿಗೆ ಕಂಡರೆ ತೆಗೆಯಿರಿ. ಕಾಣದ್ದನ್ನು ಬೆರಳಿನಿಂದ ತಡಕಿದರೆ ಇನ್ನೂ ಒಳಗೆ ಹೋಗುತ್ತದೆ.